ಡಿಸ್ಕಿಗೂ ಪೋಡಿ

ಹುಡುಗನಾಗಿದ್ದಾಗ ನಮ್ಮ ಹೊಲದ ಪೋಡಿ ನೋಡಿದ್ದೆ. ಸರ್ವೆಯವರು ಸರಪಳಿ ಎಳೆದರು, ಮೂಲೆಗಳಲ್ಲಿ ಕಲ್ಲು ನೆಟ್ಟರು, ಮುಂದೆ ಪಹಣಿಯಲ್ಲಿ ಹಿಸ್ಸಾ ನಂಬರುಗಳು ಬಂದವು. ಮರುದಿನ ಹೋಗಿ ನೋಡಿದರೆ ರಾಗಿ ಪೈರು ಹಿಂದಿನಂತೆಯೇ ನಿಂತಿತ್ತು. ಡಿಸ್ಕನ್ನು ಭಾಗ ಮಾಡುವುದೂ ಇದೇ ಬಗೆಯ ಕೆಲಸವೆಂದು ಅರಿಯಲು ನನಗೆ ಒಂದು ರಾತ್ರಿಯ ನಿದ್ದೆ ಖರ್ಚಾಯಿತು.

ವಿಂಡೋಸ್ 7 ಇದ್ದ ಹಳೆಯ ಲ್ಯಾಪ್‌ಟಾಪಿನಲ್ಲಿ ಉಬುಂಟು ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯನ್ನು ಕೂಡ ಹಾಕಿಕೊಳ್ಳಬೇಕೆಂದಿದ್ದೆ. ಡಿಸ್ಕು 500 ಜಿಬಿಯದು. ಡಿಸ್ಕಿನ ಭಾಗಗಳನ್ನು ತೋರಿಸುವ ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ 465.76 ಜಿಬಿ ಎಂದು ತೋರಿಸಿತು. ಮಿಕ್ಕದ್ದನ್ನು ಯಾರೂ ಕದ್ದಿರಲಿಲ್ಲ. ತಯಾರಕರು ಎಣಿಸುವುದು ಸಾವಿರದ ಲೆಕ್ಕದಲ್ಲಿ, ವಿಂಡೋಸ್ ಎಣಿಸುವುದು 1024ರ ಲೆಕ್ಕದಲ್ಲಿ. ಈ ಅಂಕಿಯನ್ನು ನೆನಪಿನಲ್ಲಿಡಿ, ಮುಂದೆ ನನ್ನನ್ನು ಹಳ್ಳಕ್ಕೆ ಬೀಳಿಸಿದ್ದು ಇದೇ.

ಡಿಸ್ಕಿನಲ್ಲಿ ಆಗಲೇ ನಾಲ್ಕು ಭಾಗಗಳಿದ್ದವು: ತಯಾರಕರ ರಿಕವರಿ, 100 ಎಂಬಿಯ ಸಿಸ್ಟಮ್ ರಿಸರ್ವ್ಡ್, ಸಿ ಮತ್ತು ಡಿ. ಡಿಯನ್ನು ಕುಗ್ಗಿಸಿ ಐದನೆಯದನ್ನು ಮಾಡಲು ಹೊರಟಾಗ, ಡಿಸ್ಕನ್ನು 'ಡೈನಾಮಿಕ್' ಆಗಿ ಬದಲಿಸುತ್ತೇನೆ, ಒಪ್ಪಿಗೆಯೇ ಎಂದು ವಿಂಡೋಸ್ ಕೇಳಿತು. ಹೆಸರು ಚೆನ್ನಾಗಿದೆ, ಆದರೆ ಒಪ್ಪಿದ್ದರೆ ಆ ಡಿಸ್ಕಿನ ಮೇಲೆ ಉಬುಂಟು ಹಾಕುವ ದಾರಿಯೇ ಮುಚ್ಚಿಹೋಗುತ್ತಿತ್ತು. ಪುಣ್ಯಕ್ಕೆ ಬೇಡವೆಂದೆ.

ನಾಲ್ಕೇ ಏಕೆ? ಎಂಬಿಆರ್ ಎಂಬ ಹಳೆಯ ಪದ್ಧತಿಯಲ್ಲಿ ಡಿಸ್ಕಿನ ಮೊದಲ 512 ಬೈಟುಗಳೇ ಪಹಣಿ. ಅದರಲ್ಲಿ ಭಾಗಗಳ ಪಟ್ಟಿಗೆ ಸಿಗುವುದು 64 ಬೈಟು. ಒಂದೊಂದು ಭಾಗದ ವಿವರಕ್ಕೆ, ಎಂದರೆ ಎಲ್ಲಿಂದ ಶುರು, ಎಷ್ಟು ಉದ್ದ, ಯಾವ ಬಗೆ ಎಂದು ಬರೆಯಲು, 16 ಬೈಟು ಬೇಕು. ನಾಲ್ಕು ಸಾಲಿಗೆ ಪುಟ ಮುಗಿಯಿತು. ಇದಕ್ಕೆ ಹಿಂದಿನವರು ಕಂಡುಕೊಂಡ ಉಪಾಯ 'ಎಕ್ಸ್‌ಟೆಂಡೆಡ್' ಭಾಗ: ನಾಲ್ಕರಲ್ಲಿ ಒಂದನ್ನು ದೊಡ್ಡ ಆವರಣವನ್ನಾಗಿಸಿ, ಅದರೊಳಗೆ ಬೇಕಾದಷ್ಟು 'ಲಾಜಿಕಲ್' ಭಾಗಗಳನ್ನು ಮಾಡಿಕೊಳ್ಳುವುದು. ಹಾಗಾಗಿ ಡಿಯಲ್ಲಿದ್ದುದನ್ನೆಲ್ಲ ಹೊರಗಿನ ಡಿಸ್ಕಿಗೆ ನಕಲಿಸಿ, ಡಿಯನ್ನು ಅಳಿಸಿ, ಆ ಜಾಗದಲ್ಲಿ ಆವರಣ ಕಟ್ಟುವುದೆಂದು ತೀರ್ಮಾನಿಸಿದೆ.

ರಾತ್ರಿ ಹನ್ನೊಂದಕ್ಕೆ ಉಬುಂಟುವಿನ ಪೆನ್‌ಡ್ರೈವ್‌ನಿಂದ, ಭಾಗಗಳನ್ನು ಮಾಡುವ, ಅಳಿಸುವ ಜಿಪಾರ್ಟೆಡ್ ಎಂಬ ತಂತ್ರಾಂಶ ತೆರೆದೆ. ಯಾವ ಡಿಸ್ಕಿನ ಮೇಲೆ ಕೆಲಸ ನಡೆಯುತ್ತಿದೆ ಎಂಬುದನ್ನು ಅದು ಬಲಮೂಲೆಯ ಸಣ್ಣ ಪೆಟ್ಟಿಗೆಯಲ್ಲಿ ಹೇಳುತ್ತದೆ. ಹೊರಗಿನ ಡಿಸ್ಕೂ 500 ಜಿಬಿಯದೇ. ಅಲ್ಲೂ 465.76, ಇಲ್ಲೂ 465.76. ಭಾಗವನ್ನು ಅಳಿಸಿ 'ಅಪ್ಲೈ' ಒತ್ತಿದೆ. ಒಳಗಿನ ಡಿಸ್ಕಿಗೆ ಬದಲಿಸಿ ನೋಡಿದರೆ ಡಿ ಅಲ್ಲಾಡದೆ ಕೂತಿದೆ! ಹೋದದ್ದು ನಕಲಿನ ಡಿಸ್ಕು. ನಕಲು ಹೋದರೆ ಹೋಗಲಿ, ಮತ್ತೊಮ್ಮೆ ಮಾಡಬಹುದು. ಅಪ್ಪನ ಷಷ್ಟ್ಯಬ್ದಿಯ ಫೋಟೋಗಳು ಮಾತ್ರ ಆ ಡಿಸ್ಕಿನಲ್ಲಿ ಬಿಟ್ಟು ಬೇರೆಲ್ಲೂ ಇರಲಿಲ್ಲ.

ಮೊದಲು ಕೈ ಹಿಂದೆಗೆದೆ. ಖಾಲಿ ಕಂಡಿತೆಂದು ಅಲ್ಲೇ ಹೊಸ ಭಾಗ ಮಾಡಿ ಫಾರ್ಮ್ಯಾಟ್ ಮಾಡಿದ್ದರೆ ಕೆಲಸ ಕೆಡುತ್ತಿತ್ತು. ಅಳಿದದ್ದು ಪಟ್ಟಿಯಲ್ಲಿನ ಒಂದು ಸಾಲು, ಅಷ್ಟೇ. ಬೆಳೆ ಹೊಲದಲ್ಲೇ ಇತ್ತು. ಟೆಸ್ಟ್‌ಡಿಸ್ಕ್ ಎಂಬ ಉಚಿತ ತಂತ್ರಾಂಶ ಡಿಸ್ಕಿನಲ್ಲಿ ಹಳೆಯ ಗಡಿಕಲ್ಲುಗಳನ್ನು ಹುಡುಕುತ್ತದೆ, ಎಂದರೆ ಒಂದೊಂದು ಭಾಗದ ಆರಂಭದಲ್ಲಿರುವ ಗುರುತನ್ನು. ಕಪ್ಪು ಪರದೆ, ಬಾಣದ ಕೀಲಿಗಳು, ನೋಡಲು ಏನೇನೂ ಚೆಂದವಿಲ್ಲ. ಕಳೆದ ಭಾಗ ಪಟ್ಟಿಯಲ್ಲಿ ಕಂಡಿತು. ಒಳಗಿನ ಫೈಲುಗಳ ಹೆಸರು ತೆರೆಸಿ ನೋಡಿ, ಸರಿಯಿದೆ ಎಂದಾದ ಮೇಲೆ ಬರೆಯಲು ಹೇಳಿದೆ. ಲ್ಯಾಪ್‌ಟಾಪನ್ನು ಮತ್ತೆ ಶುರು ಮಾಡಿದಾಗ ಫೋಟೋಗಳೆಲ್ಲ ಇದ್ದವು.

ಮರುದಿನ ಹೊರಗಿನ ಡಿಸ್ಕನ್ನು ಕಿತ್ತು ಬೀರುವಿನಲ್ಲಿಟ್ಟು ಕೆಲಸ ಮುಗಿಸಿದೆ. ಆವರಣದೊಳಗೆ ಚಿಕ್ಕದಾದ ಡಿ, ಉಬುಂಟುಗೆ 60 ಜಿಬಿ, ಮೆಮೊರಿ ಸಾಲದಾದಾಗ ಬಳಕೆಯಾಗುವ ಸ್ವಾಪ್‌ಗೆ 4. ಲಿನಕ್ಸ್ ಲಾಜಿಕಲ್ ಭಾಗಗಳನ್ನು ಐದರಿಂದ ಎಣಿಸುತ್ತದೆ, ಆವರಣದ ಹೊರಗೆ ಎಷ್ಟೇ ಭಾಗಗಳಿದ್ದರೂ.

ಈಗಿನ ಲ್ಯಾಪ್‌ಟಾಪಿನಲ್ಲಿ ಎಂಬಿಆರ್ ಬದಲು ಜಿಪಿಟಿ ಎಂಬ ಹೊಸ ಪದ್ಧತಿ ಇದೆ. ಅಲ್ಲಿ ಸಾಮಾನ್ಯವಾಗಿ 128 ಸಾಲಿಗೆ ಜಾಗ, ಪಟ್ಟಿಯ ಇನ್ನೊಂದು ಪ್ರತಿ ಡಿಸ್ಕಿನ ಕೊನೆಯಲ್ಲಿ. ಆದರೂ ಕಳೆದ ತಿಂಗಳು ಸಿಯನ್ನು ಹಿಗ್ಗಿಸಲು ಹೋಗಿ ನಿಂತುಬಿಟ್ಟೆ. ಸಿಗೂ ಖಾಲಿ ಜಾಗಕ್ಕೂ ನಡುವೆ ರಿಕವರಿ ಭಾಗ ಅಡ್ಡ ಕೂತಿತ್ತು. ಒತ್ತಿಗೇ ಇರುವ ಜಾಗವನ್ನಷ್ಟೇ ವಿಂಡೋಸ್ ಸೇರಿಸಿಕೊಳ್ಳುತ್ತದೆ. ನಡುವಿನವನನ್ನು ಆಚೆಗೆ ಸರಿಸಲು ಮತ್ತೆ ಜಿಪಾರ್ಟೆಡ್ ತೆರೆದೆ, ಬೇರೆ ಡಿಸ್ಕುಗಳನ್ನೆಲ್ಲ ಕಿತ್ತಿಟ್ಟು, ಬೆಳಗ್ಗೆ ಹತ್ತು ಗಂಟೆಗೆ.