ಗೆಳೆಯರಲ್ಲಿ ಯಾರಾದರೂ ಬೇಗ ನೊಂದುಕೊಳ್ಳುವವರಿದ್ದರೆ

ನಮ್ಮ ಗುಂಪಿನಲ್ಲಿ ಒಬ್ಬ ಗೆಳೆಯ ಇದ್ದಾನೆ, ಯಾವ ಮಾತನ್ನಾದರೂ ಬೇಗ ಮನಸ್ಸಿಗೆ ಹಚ್ಚಿಕೊಳ್ಳುವವನು. ಹೋದ ಬೇಸಿಗೆಯಲ್ಲಿ ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಚಹಾ ಕುಡಿಯುವಾಗ ಎಲ್ಲರೂ ಸೇರಿ ಅವನ ಕೆಲಸದ ಬಗ್ಗೆ ತಮಾಷೆ ಮಾಡಿದೆವು. ಅವನೂ ನಕ್ಕ. ಆದರೆ ಚಹಾದ ಕಪ್ ಬಾಯಿಗೆ ಹೋಗಲಿಲ್ಲ, ಬೆರಳಲ್ಲಿ ಸುಮ್ನೆ ತಿರುಗಿಸುತ್ತಾ ಕೂತ, ಚಹಾದ ಮೇಲೆ ಕೆನೆ ಕಟ್ಟಿತು. ಆಮೇಲೆ ನಾಲ್ಕು ದಿನ ಫೋನ್ ಎತ್ತಲಿಲ್ಲ.

ಅಂಥವರಿಗೆ "ಇಷ್ಟಕ್ಕೆಲ್ಲ ಬೇಜಾರಾ?" ಅಂತ ಮಾತ್ರ ಕೇಳಬೇಡಿ. ಒಬ್ಬರೇ ಹೋಗಿ "ನಾನು ಹಾಗೆ ಅನ್ನಬಾರದಿತ್ತು" ಅಂತ ನೇರವಾಗಿ ಹೇಳಿ. ನಾನು ಬಿಸಿಲು ಇಳಿದ ಮೇಲೆ ಅವನನ್ನು ನಮ್ಮ ಕಲಬುರಗಿಯ ಅಪ್ಪನ ಕೆರೆ ದಂಡೆಗೆ ಕರೆದುಕೊಂಡು ಹೋದೆ. ಪಕ್ಕಪಕ್ಕ ನಡೆಯುವಾಗ ಮುಖ ಕೊಟ್ಟು ಮಾತಾಡುವ ಮುಜುಗರ ಇರಲ್ಲ ಅಲ್ವಾ, ಸ್ವಲ್ಪ ದೂರ ಹೋಗುವಷ್ಟರಲ್ಲಿ ತಾನೇ ಬಾಯಿ ಬಿಟ್ಟ. ನಡುವೆ ಬುದ್ಧಿ ಹೇಳಲು ಹೋಗಬೇಡಿ. "ಸುಮ್ನೆ ಕೇಳಿಸಿಕೊಳ್ಳಲಾ, ಇಲ್ಲ ಏನಾದರೂ ಮಾಡಬೇಕಾ?" ಅಂತ ಒಮ್ಮೆ ಕೇಳಿ ಸಾಕು. ಅವರು ಹೇಳಿದ್ದು ಇನ್ನೊಬ್ಬರ ಕಿವಿಗೆ ಬೀಳಬಾರದು.

ಹಾಗಂತ ತಪ್ಪು ತೋರಿಸಲೇಬಾರದು ಅಂತಲ್ಲ. ತೋರಿಸಿ, ನಾಲ್ಕು ಜನರ ಎದುರು ಬೇಡ.

ಆದರೆ ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಬದುಕೇ ಬೇಡ ಅನ್ನುವ ಮಾತು ಬಂತು ಅಂದರೆ ಅದನ್ನು ಸ್ವಭಾವ ಅಂತ ಬಿಡಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, 2022ರಿಂದ ಇದೆ, ಪುಕ್ಕಟೆ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ಬರೀ ನಂಬರ್ ಕಳಿಸಬೇಡಿ, ಪಕ್ಕದಲ್ಲಿ ಕೂತು ನೀವೇ ಫೋನ್ ಹಚ್ಚಿ ಕೊಡಿ.