ಜೀಪಿನ ಹಳೇ ಪಾನಾ ಸಿಕ್ತಾ? ಮೊದಲ ಆ ಪಾಲಿಶ್ ಪೇಪರ್ ಕೆಳಗಿಡ್ರಿ

ನಮ್ಮ ಸೊಸೈಟಿಯೊಳಗ ಹುಬ್ಬಳ್ಳಿ ಕಡೆ ಹುಡುಗ ಒಬ್ಬ ಇದ್ದಾನ, ಹಿಂಜವಡಿಯೊಳಗ ಕಂಪ್ಯೂಟರ್ ಕೆಲಸ. ಹೋದ ದೀಪಾವಳಿ ಮುಂದ ಪುಣೆ ಜೂನಾ ಬಜಾರದಿಂದ ಒಂದು ಸ್ಕ್ರೂ ಪಾನಾ (ನಟ್ಟು-ಬೋಲ್ಟ್ ತಿರುವೋ ಸ್ಪ್ಯಾನರ್) ಹಿಡಕೊಂಡು ಬಂದ. ಹಿಡಿ ಮ್ಯಾಲೆ ಅರ್ಧಂಬರ್ಧ ಅಕ್ಷರ, ಜಂಗಿನ ಕೆಳಗ ಬಾಣದ ಗುರುತಿನಂಥದ್ದೇನೋ ಕಂಡಂಗಾತು. ‘ಹಂಗ ಇಡಪಾ, ಐತ್ವಾರ ಕೂತು ನೋಡೋಣು’ ಅಂದೆ. ಐತ್ವಾರ ಬರೂದರೊಳಗ ಅಂವ ಅದನ್ನ ಭೋಸರಿಯೊಳಗ ಬಫಿಂಗ್ ಮಾಡೋವನ ಕಡೆ ಕೊಟ್ಟು, ಮ್ಯಾಲೆ ಕ್ರೋಮ್ ಹಾಕಿಸಿ, ಕನ್ನಡಿಯಂಗ ಮಾಡಿಸಿ ತಂದು ‘ಕಾಕಾ, ಹೆಂಗ ಹೊಳೀತದ ನೋಡ್ರಿ’ ಅಂದ. ಹೊಳಿಯೂದೇನೋ ಖರೇ. ಬಾಣ ಹೋಗಿತ್ತು, ಇಸವಿ ಹೋಗಿತ್ತು, ಕಂಪನಿ ಹೆಸರೂ ಹೋಗಿತ್ತು. ಪಂಕ್ಚರ್ ಅಂಗಡಿಯವನ ಪಾನಾಕ್ಕೂ ಇದಕ್ಕೂ ಈಗ ಏನೂ ಫರಕ್ ಇಲ್ಲ. ಇಂಥದ್ದು ನಾ ನೋಡಿದ್ದು ಇದು ನಾಕನೇದ್ದೋ ಐದನೇದ್ದೋ, ಅದಕ್ಕ ಎರಡನೇ ಮಹಾಯುದ್ಧದ ಹಳೇ ಮಿಲಿಟರಿ ಸಾಮಾನು ಹೆಂಗ ತರೂದು, ಹೆಂಗ ಗುರುತು ಓದೂದು, ಹೆಂಗ ಜಂಗು ತಗಿಯೂದು ಅಂತ ಬರೀಲಿಕ್ಕೆ ಕೂತೀನಿ.

ಮೊದಲನೇದು, ತರೂದು. ಇದು ಸುಲಭ. ಪುಣೆಯೊಳಗ ಬುಧವಾರ ಮತ್ತ ಐತ್ವಾರ ಜೂನಾ ಬಜಾರ, ಮುಂಬೈಯೊಳಗ ಶುಕ್ರವಾರ ನಸುಕಿನ್ಯಾಗ ಚೋರ್ ಬಜಾರ. ದಕ್ಷಿಣ ಕಮಾಂಡ್ ಪುಣೆಯೊಳಗ, ಖಡಕಿ ಮತ್ತ ದೇಹೂರೋಡಿನ್ಯಾಗ ಮಿಲಿಟರಿ ಡಿಪೋ, ಆ ಯುದ್ಧ ಮುಗಿದ ಮ್ಯಾಲೆ ‘ಡಿಸ್ಪೋಜಲ್ ಮಾಲು’ ಅಂತ ಹರಾಜಾಗಿ ಹೊರಗ ಬಂದದ್ದು ಇನ್ನೂ ಗುಜರಿ ಅಂಗಡಿಯೊಳಗ ತಿರಗತಾನ ಅದ. ಅಂಗಡಿಯವ ಎಲ್ಲಾದಕ್ಕೂ ‘ಸಾಹೇಬ, ಮಿಲಿಟರಿಚಾ ಮಾಲ್ ಆಹೇ’ ಅಂತಾನ, ತಲಿ ಅಲ್ಲಾಡಿಸಿ ಸುಮ್ಮನ ಮಾಲು ನೋಡ್ರಿ. ಮುಂಬೈಯೊಳಗ ಒಬ್ಬಾಂವ ಸುಟ್ಟ ಕಬ್ಬಿಣದ ತುಂಡು ಹಿಡದು 1944ರ ಏಪ್ರಿಲ್ 14ಕ್ಕ ಬಂದರಿನ್ಯಾಗ ಹಡಗು ಸಿಡಿತಲ್ಲ, ಆ ಫೋರ್ಟ್ ಸ್ಟಿಕಿನ್ ಹಡಗಿಂದು ಅಂತ ನನಗ ಮಾರಲಿಕ್ಕೆ ನೋಡಿದ. ಮುಂದಿನ ತಿಂಗಳ ಹೋದ್ರ ಅಂಥವು ಇನ್ನೂ ಮೂರು ಇಟ್ಟಿದ್ದ.

ತರಬಾರದ್ದು ಏನು ಅಂತ ಒಂದೆರಡು ಮಾತು. ಜೀವಂತ ತೋಟಾ (ಬಂದೂಕಿನ ಗುಂಡು), ‘ಸತ್ತದ್ದು’ ಅಂತ ಕೊಡೋ ಗ್ರೆನೇಡ್, ಶೆಲ್ – ಕೈ ಹಚ್ಚಬ್ಯಾಡ್ರಿ, 1959ರ ಆರ್ಮ್ಸ್ ಆಕ್ಟ್ ಒಂದು ಕಡೆ, ಜೀವ ಇನ್ನೊಂದು ಕಡೆ. ಬಯೊನೆಟ್ (ಬಂದೂಕಿನ ತುದಿಗೆ ಹಚ್ಚೋ ಚೂರಿ) ಕೇಳಿ ಭಾಳ ಮಂದಿ ಬರ್ತಾರ, ನಾ ಅಂತೂ ಮುಟ್ಟಂಗಿಲ್ಲ. ಯೂನಿಫಾರ್ಮ್ ಇಟ್ಟುಕೋರಿ, ಆದ್ರ ಸೈನಿಕ ಅಂತ ತೋರಿಸ್ಕೊಂಡು ಹಾಕ್ಕೊಂಡು ತಿರಗೂದು ಅಪರಾಧ. ಮೊದಲ ಮಹಾಯುದ್ಧದ ಸಾಮಾನು ಈಗ ನೂರು ವರ್ಷ ದಾಟ್ಯದ, 1972ರ ಪುರಾವಸ್ತು ಕಾಯ್ದೆಯೊಳಗ ಬರ್ತದ, ಅಮೆರಿಕದಾಗಿರೋ ಗೆಳೆಯಗ ಪಾರ್ಸೆಲ್ ಮಾಡಿಗೀಡೀರಿ. ಮತ್ತ ಆ ಹಳೇ ಪ್ರಿಸ್ಮ್ಯಾಟಿಕ್ ಕಂಪಾಸ್ (ಮಿಲಿಟರಿ ದಿಕ್ಸೂಚಿ), ಯುದ್ಧಕಾಲದ್ದು ಖರೇನ ಆದ್ರ ಮುಳ್ಳಿಗೆ ವಿಕಿರಣ ಸೂಸೋ ರೇಡಿಯಂ ಬಣ್ಣ ಇರ್ತದ. ಕತ್ತಲಾಗ ಹೊಳಿಯಂಗಿಲ್ಲ, ಆರಿ ಹೋಗ್ಯದ ಅಂತ ತಿಳೀಬ್ಯಾಡ್ರಿ, ಕೆಟ್ಟಿದ್ದು ಹೊಳಿಯೋ ಪುಡಿ, ರೇಡಿಯಂ ಅರ್ಧ ಆಗಲಿಕ್ಕೆ 1600 ವರ್ಷ ಬೇಕು. ಗಾಜು ತಗೀಬ್ಯಾಡ್ರಿ, ಕೆರೀಬ್ಯಾಡ್ರಿ. ಹಿತ್ತಾಳಿ ಫಳಫಳ ಅನ್ನೋ ಕಂಪಾಸಿನ ಚಿಂತಿ ಬ್ಯಾಡ, ಅದು ಹೋದ ವರ್ಷದ್ದೇ.

ಎರಡನೇದು, ಗುರುತು ಓದೂದು. ಸ್ವಚ್ಛ ಮಾಡೂಕಿಂತ ಮೊದಲ, ನಂತರ ಅಲ್ಲ. ಕ್ವಾಲಿಟಿ ಟಾರ್ಚ್ ಏನೂ ಬ್ಯಾಡ, ಮೊಬೈಲಿನ ಲೈಟ್ ಸಾಕು, ಮ್ಯಾಲಿಂದ ಹಿಡೀದ ಬಾಜೂಕ್ಕ ಅಡ್ಡ ಹಿಡೀರಿ, ನೆರಳಿನ್ಯಾಗ ಅಕ್ಷರ ಏಳ್ತಾವ. ಚಾಕ್‌ಪೀಸ್ ಪುಡಿ ಮಾಡಿ ತಿಕ್ಕಿ ಬಟ್ಟಿಲೆ ಒರಸಿದ್ರ ತಗ್ಗಿನೊಳಗ ಬಿಳಿ ಉಳೀತದ. ಆಗ ಫೋಟೋ ತಗೀರಿ. ಬರೇ ಬಾಣ ಇದ್ರ ಬ್ರಿಟಿಷ್ ಸರಕಾರದ ಮಾಲು, ‘ಸಿ’ ಅಕ್ಷರದೊಳಗ ಬಾಣ ಇದ್ರ ಕೆನಡಾದ್ದು. ಕೆನಡಾ ಒಂದ ದೇಶ ಎರಡನೇ ಮಹಾಯುದ್ಧಕ್ಕ ಎಂಟು ಲಕ್ಷಕ್ಕಿಂತ ಹೆಚ್ಚು ಗಾಡಿ ಮಾಡಿತ್ತು, ಅದಕ್ಕ ಅವರ ಪಾನಾ ಇಲ್ಲೂ ಸಿಗ್ತಾವ. ಜೀಪಿಂದು ಅಂದ್ರ ಎರಡು ಮನಿತನ, ವಿಲ್ಲೀಸ್ ಮತ್ತ ಫೋರ್ಡ್, ಇಬ್ಬರೂ ಕೂಡಿ 1941ರಿಂದ 1945ರ ತನಕಾ ಸುಮಾರು 6.4 ಲಕ್ಷ ಜೀಪು ಹೊರಗ ಹಾಕಿದ್ರು. ಫೋರ್ಡಿನವರು ತಮ್ಮ ಬೋಲ್ಟಿನ ತಲಿ ಮ್ಯಾಲೂ ಒಂದು ‘ಎಫ್’ ಹೊಡೀತಿದ್ರು. ಇದು ಗೊತ್ತಾದ ಮ್ಯಾಲೆ ನಕಲಿ ‘ಎಫ್’ ಶುರು ಆದ್ವು. ಅಚ್ಚಿನೊಳಗ ಎರಕ ಆಗಿ ಉಬ್ಬಿದ ಅಕ್ಷರ ನಂತರ ಯಾರಿಗೂ ಹೊಡೀಲಿಕ್ಕೆ ಬರಂಗಿಲ್ಲ, ಪಂಚಿಲೆ ಹೊಡದ ತಗ್ಗು ಅಕ್ಷರ ಮಾತ್ರ ಬರ್ತದ, ತಗ್ಗಿನೊಳಗ ಸುತ್ತಲಿನಷ್ಟ ಜಂಗು ಇಲ್ಲದಿದ್ರ ಅದು ನಿನ್ನೆ ಹೊಡದದ್ದು. ಇನ್ನೊಂದು, ಯುದ್ಧದಾಗ ಅಮೆರಿಕದಾಗ ಕ್ರೋಮಿಗೆ ಕಡಿವಾಣ ಇತ್ತು, ಹಂಗಾಗಿ ‘1943’ ಅಂತ ಬರದು ಕ್ರೋಮ್ ಹೊಳಿಯೋ ಪಾನಾ ಕಂಡ್ರ ಸ್ವಲ್ಪ ಸಂಶಯ ಇಟ್ಟುಕೋರಿ (ನಮ್ಮ ಹುಬ್ಬಳ್ಳಿ ಹುಡುಗಂದು ಬಿಡ್ರಿ, ಅದರ ಕಥಿ ಬ್ಯಾರೆ).

ಅಳತಿ ಬಗ್ಗೆ ಒಂದು ಮಾತು, ಯಾಕಂದ್ರ ಇಲ್ಲೇ ಮಂದಿ ‘ಈ ಪಾನಾ ತಪ್ಪು ಮಾಡ್ಯಾರ’ ಅಂತ ಬೀಸಾಕ್ತಾರ. ಬ್ರಿಟಿಷ್ ಪಾನಾ ಮ್ಯಾಲೆ ಕಾಲಿಂಚು ವಿಟ್‌ವರ್ತ್ (ಬ್ರಿಟಿಷರ ಹಳೇ ಬೋಲ್ಟ್ ಅಳತಿ) ಅಂತ ಇದ್ರ ಬಾಯಿ ಕಾಲಿಂಚು ಇರಂಗಿಲ್ಲ, ಅದು ಬೋಲ್ಟಿನ ಸಳಿ ದಪ್ಪ. ಬಾಯಿ 0.525 ಇಂಚು, ಅಂದ್ರ 13.3 ಮಿಲಿಮೀಟರ್. ನಿಮ್ಮ 13 ನಂಬರ್ ಪಾನಾ ಆ ಬೋಲ್ಟಿಗೆ ಕೂಡಂಗಿಲ್ಲ, 14 ಹಾಕಿದ್ರ ಮೂಲಿ ತಿಂದು ಬಿಡ್ತದ. ಅಮೆರಿಕದವರು ಬಾಯಿ ಅಳತಿನ ಬರೀತಾರ.

ಈಗ ಮೂರನೇದು, ಜಂಗು ತಗಿಯೂದು. ಕೆಡೂದೆಲ್ಲಾ ಇಲ್ಲೇ.

ಮೊದಲ ಕೇಳ್ಕೊಳ್ಳೋ ಪ್ರಶ್ನೆ, ಮ್ಯಾಲೆ ಹಳೇ ಬಣ್ಣ ಉಳದದ ಏನು? ಉಗುರಿನಷ್ಟು ಮಿಲಿಟರಿ ಹಸಿರು ಉಳದಿದ್ರೂ ಮುಂದ ಹೇಳೋ ಸೋಡಾ, ಆ್ಯಸಿಡ್ ಎರಡೂ ಬಂದ್. ಚಿಮಣಿ ಎಣ್ಣಿ ಈಗ ಸಿಗೂದು ಕಷ್ಟ, ಡೀಜಲ್ ತಗೋರಿ, ಅದರೊಳಗ ಎರಡು ದಿನ ಮುಳುಗಿಸಿ ಅರಿವಿಲೆ ಒರಸ್ರಿ, ಗಟ್ಟಿ ಜಾಗಾ ಇದ್ರ ಹಿತ್ತಾಳಿ ತಂತಿ ಬ್ರಶ್, ಅದೂ ಹಗೂರಕ. ಕಬ್ಬಿಣದ ಬ್ರಶ್ ಅಲ್ಲ, ಗ್ರೈಂಡರಿಗೆ ಹಚ್ಚೋ ಬ್ರಶ್ ಅಂತೂ ಅಲ್ಲವೇ ಅಲ್ಲ.

ಬಣ್ಣ ಇಲ್ಲ, ಬರೇ ಜಂಗು ಅದ ಅಂದ್ರ ಕರೆಂಟಿನ ಉಪಾಯ. ಪ್ಲಾಸ್ಟಿಕ್ ಟಬ್ಬು, ಹತ್ತು ಲೀಟರ್ ನೀರು, ಎರಡೂವರಿ ದೊಡ್ಡ ಚಮಚ ವಾಷಿಂಗ್ ಸೋಡಾ (ಭಜಿಗೆ ಹಾಕೋದಲ್ಲ, ಅರಿವಿ ಒಗಿಯೋದು). ಉಪ್ಪು ಹಾಕಬ್ಯಾಡ್ರಿ, ಎಲ್ಲೋ ವಿಡಿಯೋ ನೋಡಿ ಉಪ್ಪು ಹಾಕೋವರು ಇದ್ದಾರ. ಆಮ್ಯಾಲೆ ಬಲಿ ಕೊಡಲಿಕ್ಕೆ ಒಂದು ಕಬ್ಬಿಣ, ಮನಿ ಕಟ್ಟೋವಾಗ ಉಳದ ಸಳಿ ಛಲೋ. ಸ್ಟೀಲ್ ಚಮಚ, ಸ್ಟೀಲ್ ತಟ್ಟಿ ಹಾಕಬ್ಯಾಡ್ರಿ, ಸ್ಟೇನ್‌ಲೆಸ್ ಸ್ಟೀಲಿನ ಕ್ರೋಮಿಯಂ ಬಿಟ್ಟು ನೀರು ವಿಷ ಆಗ್ತದ, ಆ ನೀರು ಚೆಲ್ಲೂದೆಲ್ಲಿ? ಹನ್ನೆರಡು ವೋಲ್ಟಿನ ಬ್ಯಾಟರಿ ಚಾರ್ಜರ್ ಬೇಕು, ಹಳೇ ಟ್ರಾನ್ಸ್‌ಫಾರ್ಮರ್ ಇರೋದು. ಈಗಿನ ಸ್ಮಾರ್ಟ್ ಚಾರ್ಜರ್ ಬ್ಯಾಟರಿ ಕಾಣದ ಶುರುನ ಆಗಂಗಿಲ್ಲ, ಅದಕ್ಕ ರೊಕ್ಕ ಹಾಕಬ್ಯಾಡ್ರಿ.

ಇನ್ನ ಇದನ್ನ ಗ್ವಾಡಿ ಮ್ಯಾಲೆ ಬರದು ಅಂಟಸ್ರಿ: ಕರೀ ವೈರ್ ಪಾನಾಕ್ಕ, ಕೆಂಪು ವೈರ್ ಸಳಿಗೆ. ಉಲ್ಟಾ ಹಚ್ಚಿದ್ರ ಸಳಿ ಸ್ವಚ್ಛ ಆಗಿ ಪಾನಾ ಕರಗ್ತದ, ನಾ ಒಂದು ಪಕ್ಕಡ ಹಂಗ ಕಳಕೊಂಡೀನಿ, ಬೆಳಿಗ್ಗೆ ಎದ್ದು ನೋಡಿದ್ರ ಹಲ್ಲು ಎಲ್ಲಾ ಮೊಂಡ. ಎರಡೂ ಒಂದಕ್ಕೊಂದು ತಾಗಬಾರದು. ಕರೀ ಕ್ಲಿಪ್ ಕಚ್ಚೋ ಜಾಗಾದಾಗ ಅಷ್ಟ ಜಂಗು ಕೆರದು ಕಬ್ಬಿಣ ಕಾಣಂಗ ಮಾಡ್ರಿ, ಇಲ್ಲಾಂದ್ರ ಕರೆಂಟ್ ಹಾಯಂಗಿಲ್ಲ, ‘ನಂದು ಕೆಲಸ ಮಾಡವಲ್ದು’ ಅಂತ ಫೋನ್ ಮಾಡೋವರ ತಪ್ಪು ಹೆಚ್ಚಾಗಿ ಇದ. ಸ್ವಿಚ್ ಹಾಕಿದ್ರ ಪಾನಾದಿಂದ ಸಣ್ಣ ಸಣ್ಣ ಗುಳ್ಳಿ ಏಳ್ತಾವ, ಅದು ಹೈಡ್ರೋಜನ್, ಬೆಂಕಿ ಹತ್ತೂ ಗ್ಯಾಸು. ಬಾಲ್ಕನಿಯೊಳಗ ಮಾಡ್ರಿ, ಬಾತ್‌ರೂಮ್ ಬಾಗಲ ಹಾಕಿ ಅಲ್ಲ, ಬಾಜೂಕ್ಕ ಊದಿನಕಡ್ಡಿ ಹಚ್ಚಬ್ಯಾಡ್ರಿ, ಸ್ವಿಚ್ ಬಂದ್ ಮಾಡದ ಕೈ ಹಾಕಬ್ಯಾಡ್ರಿ. ಸಳಿಗೆ ಎದುರಾದ ಮಗ್ಗಲ ಮೊದಲ ಸ್ವಚ್ಛ ಆಗ್ತದ, ನಡುವ ಒಂದೆರಡು ಸಲ ತಿರುವಿ ಇಡ್ರಿ. ಆರೆಂಟು ತಾಸಿನ ಮ್ಯಾಲೆ ತಗದ್ರ ಕರೀ ರಾಡಿ ಹತ್ತಿರ್ತದ, ಹಳೇ ಹಲ್ಲುಜ್ಜೋ ಬ್ರಶ್ಶಿಲೆ ನೀರಾಗ ತಿಕ್ಕಿದ್ರ ಹೋಗ್ತದ, ಕೆಳಗ ಬಾಣ ಹೆಂಗಿತ್ತೋ ಹಂಗ. ಈ ಉಪಾಯ ಜಂಗು ಬಿಟ್ಟು ಕಬ್ಬಿಣ ತಿನ್ನಂಗಿಲ್ಲ, ನನಗ ಸೇರೂದು ಅದಕ್ಕ. ಹಿತ್ತಾಳಿ, ಅಲ್ಯುಮಿನಿಯಂ, ಕಟಗಿ ಹಿಡಿ, ಸ್ಪ್ರಿಂಗ್ ಇದರೊಳಗ ಇಳಸಬ್ಯಾಡ್ರಿ. ಅಲ್ಯುಮಿನಿಯಂ ಮೆಸ್ ಟಿನ್ (ಸೈನಿಕರ ಊಟದ ಡಬ್ಬಿ) ಅಂತೂ ಸೋಡಾದಾಗ ಕರೀ ಬೀಳ್ತದ.

ತಗದ ಮ್ಯಾಲೆ ‘ಛಾ ಕುಡದು ಬರ್ತೀನಿ’ ಅನ್ನಂಗಿಲ್ಲ. ಮಳಿಗಾಲದಾಗ ಹತ್ತು ನಿಮಿಷದಾಗ ಮತ್ತ ಕೆಂಪು ಹತ್ತತದ. ತೊಳೀರಿ, ಒರಸ್ರಿ, ಹೇರ್ ಡ್ರಾಯರ್ ಹಿಡೀರಿ, ಬಿಸಿ ಇರೂದರೊಳಗ ಹೊಲಿಗಿ ಮಷಿನ್ನಿನ ಎಣ್ಣಿ ಹಚ್ಚರಿ. ಕೊಬ್ಬರಿ ಎಣ್ಣಿ ಬ್ಯಾಡ, ಅಂಟಂಟ ಆಗ್ತದ.

ನಿಂಬೆ ಉಪ್ಪು (ಸಿಟ್ರಿಕ್ ಆ್ಯಸಿಡ್) ಸಹ ನಡೀತದ, ಒಂದು ಲೀಟರಿಗೆ 50 ಗ್ರಾಂ, ಆದ್ರ ತಾಸಿಗೊಮ್ಮೆ ನೋಡಬೇಕು, ಮರತು ಎರಡು ದಿನ ಬಿಟ್ರ ಅಕ್ಷರದ ಅಂಚು ತಿಂದು ಬೂದಿ ಬಣ್ಣ ಮಾಡಿಡ್ತದ. ಟಾಯ್ಲೆಟ್ ತೊಳಿಯೋ ಆ್ಯಸಿಡ್ ಹಾಕೋವರಿಗೆ ನನ್ನ ಕಡೆ ಮಾತ ಇಲ್ಲ.

ಸೈನಿಕರ ಸಾಮಾನಿಗೆ ಬರೋಣು. 1937ರ ಪ್ಯಾಟರ್ನಿನ (ಆ ವರ್ಷದ ಬ್ರಿಟಿಷ್ ಮಿಲಿಟರಿ ನಮೂನಿ) ದಪ್ಪ ಹತ್ತಿ ಪಟ್ಟಿ, ತುದಿಗೆ ಹಿತ್ತಾಳಿ, ಇದೇ ಹೆಚ್ಚು ಸಿಗ್ತದ. ಒಳಗಡೆ ಶಾಯಿಲೆ ಹೊಡದ ಶಿಕ್ಕಾ ಇರ್ತದ, ಕಂಪನಿ, ಇಸವಿ. ವಾಷಿಂಗ್ ಮಷಿನ್ನಿಗೆ ಹಾಕಿದ್ರಿ ಅಂದ್ರ ಅದು ಹೋತು. ಅಂಟವಾಳದ ನೊರಿ, ತಣ್ಣೀರು, ಹಿಂಡಬ್ಯಾಡ್ರಿ, ನೆರಳಾಗ ಚಪ್ಪಟಿ ಒಣಗಿಸ್ರಿ. ಹಿತ್ತಾಳಿಗೆ ಹುಣಸಿಹಣ್ಣು ತಿಕ್ಕಿ ದೇವರ ಸಮಯಿ ಮಾಡೂದು ಬ್ಯಾಡ, ಆ ಕಂದು ಬಣ್ಣಕ್ಕ ಎಂಬತ್ತು ವರ್ಷ ಹಿಡದದ. ನೀರಿನ ಬಾಟಲಿ ನೀಲಿ ಎನಾಮಲ್ ಮ್ಯಾಲೆ ಉಣ್ಣೀ ಕವರ್ ಇದ್ದದ್ದು ಸಿಕ್ರ ಕವರ್ ಬಿಚ್ಚಿ ತೊಳೀಲಿಕ್ಕೆ ಹೋಗಬ್ಯಾಡ್ರಿ, ಹೊಲಿಗಿ ಹರಿದ್ರ ಮತ್ತ ಕೂಡಂಗಿಲ್ಲ.

ಇಡೂದು ಹತ್ತಿ ಬಟ್ಟಿಯೊಳಗ, ತೇವ ಹೀರೋ ಸಿಲಿಕಾ ಜೆಲ್ ಪುಡಕಿ ಜೋಡಿ. ಪ್ಲಾಸ್ಟಿಕ್ ಚೀಲದಾಗ ಬಿಗದಿಟ್ರ ಪಟ್ಟಿಗೆ ಬೂಷ್ಟು ಗ್ಯಾರಂಟಿ, ಮುಂಬೈಯೊಳಗ ಇರೋವರು ಇದನ್ನ ಎರಡು ಸಲ ಓದ್ರಿ. ಅಸಲಿ ಸಾಮಾನು ಗಾಡಿ ಮ್ಯಾಲೆ ಹೆಂಗ ಕೂಡ್ತದ ಅಂತ ನೋಡಬೇಕಂದ್ರ ಪುಣೆಯಿಂದ 120 ಕಿಲೋಮೀಟರ್ ಅಹಿಲ್ಯಾನಗರದ (ಮೊದಲಿನ ಅಹಮದ್‌ನಗರ) ಕ್ಯಾವಲ್ರಿ ಟ್ಯಾಂಕ್ ಮ್ಯೂಸಿಯಂ ಅದ, ಮುಂಜಾನೆ ಹೋಗಿ ಸಂಜಿಗೆ ಬರಬಹುದು.

ಗುದ್ದಲಿ, ಸಲಿಕಿ, ಸುತ್ತಿಗಿ ಕಟಗಿ ಹಿಡಿಗೆ ವಾರ್ನಿಶ್ ಬ್ಯಾಡ, ಕುದಿಸಿದ ಅಗಸಿ ಎಣ್ಣಿ. ಹಾರ್ಡ್‌ವೇರ್ ಅಂಗಡಿಯೊಳಗ ಡಬ್ಬಿಲೆ ಸಿಗೂದು, ಅಡಗಿದಲ್ಲ, ಅಡಗಿದು ವಾರಗಟ್ಟಲೆ ಒಣಗಂಗಿಲ್ಲ. ತೆಳ್ಳಗ ಹಚ್ಚಿ ಅರ್ಧ ತಾಸಿಗೆ ಒರಸಿ ಬಿಡ್ರಿ. ಒರಸಿದ ಅರಿವಿ ಮುದ್ದಿ ಮಾಡಿ ಡಸ್ಟ್‌ಬಿನ್ನಿಗೆ ಒಗೀಬ್ಯಾಡ್ರಿ, ತಾನ ಬಿಸಿ ಆಗಿ ಹೊತ್ತಿಕೊಳ್ತದ. ನಾ ಬಾಲ್ಕನಿ ಹಗ್ಗಕ್ಕ ಬಿಡಿಸಿ ಹಾಕ್ತೀನಿ, ನಮ್ಮಾಕಿ ಒಣ ಹಾಕಿದ ಸೀರಿಯಿಂದ ಎರಡು ಮೊಳ ದೂರ, ಅದು ಆಕೀನ ಹಾಕಿದ ಕಾನೂನು.