ಪ್ರಾಜೆಕ್ಟ್ ವೇಳಾಪಟ್ಟಿ: ಮೊದಲು ಅವಲಂಬನೆ, ಆಮೇಲೆ ದಿನಾಂಕ

ಕೆಲಸಗಳನ್ನು 1ರಿಂದ 10 ದಿನದೊಳಗೆ ಮುಗಿಯುವಷ್ಟು ಸಣ್ಣದಾಗಿ ಒಡೆದು, ಪ್ರತಿಯೊಂದರ ಎದುರು ಅದಕ್ಕೂ ಮುಂಚೆ ಯಾವುದು ಮುಗಿದಿರಬೇಕು ಎಂದು ಬರೆಯಿರಿ. ಅವಧಿಯನ್ನು ಕೆಲಸ ಮಾಡುವವರನ್ನೇ ಕೇಳಿ. ಅನುಮಾನವಿದ್ದರೆ ಮೂರು ಅಂದಾಜು ಪಡೆಯಿರಿ: ಬೇಗನೆ ಆದರೆ 4 ದಿನ, ಸಾಮಾನ್ಯವಾಗಿ 6, ತೀರಾ ತಡವಾದರೆ 14 ಎಂದಾದರೆ, ಸಾಮಾನ್ಯ ಅಂದಾಜಿಗೆ ನಾಲ್ಕು ಪಟ್ಟು ತೂಕ ಕೊಟ್ಟು, ಒಟ್ಟು ತೂಕ ಆರರಿಂದ (1 + 4 + 1) ಭಾಗಿಸಿ: (4 + 4×6 + 14) ÷ 6 = 7 ದಿನ.

ಈಗ ಆರಂಭದಿಂದ ಕೊನೆಯವರೆಗೆ ಒಂದಾದ ಮೇಲೊಂದು ನಡೆಯಬೇಕಾದ ಕೆಲಸಗಳಲ್ಲಿ, ಒಟ್ಟು ದಿನಗಳ ಲೆಕ್ಕದಲ್ಲಿ ಅತಿ ಉದ್ದದ ಸರಪಳಿ ಹುಡುಕಿ. ಅದೇ ಕ್ರಿಟಿಕಲ್ ಪಾತ್. ಅಲ್ಲಿ ಒಂದು ದಿನ ತಪ್ಪಿದರೆ ಇಡೀ ಪ್ರಾಜೆಕ್ಟೇ ಒಂದು ದಿನ ಮುಂದಕ್ಕೆ ಹೋಗುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ: ಎರಡು ಕೆಲಸಗಳಿಗೆ ಪರಸ್ಪರ ಸಂಬಂಧವಿಲ್ಲದಿದ್ದರೂ, ಇಬ್ಬರ ಬದಲು ಒಬ್ಬರೇ ಅವನ್ನು ಮಾಡಬೇಕಿದ್ದರೆ ಅವು ಒಟ್ಟಿಗೆ ನಡೆಯಲಾರವು.

ಹೆಚ್ಚುವರಿ ದಿನಗಳನ್ನು ಪ್ರತಿ ಕೆಲಸಕ್ಕೂ ಹಂಚದೆ ಕೊನೆಯಲ್ಲಿ ಒಟ್ಟಾಗಿ ಇಡಿ. ವಾರಕ್ಕೊಮ್ಮೆ ‘ಎಷ್ಟು ಆಯಿತು’ ಎನ್ನಬೇಡಿ, ‘ಇನ್ನೆಷ್ಟು ದಿನ ಬೇಕು’ ಎಂದು ಕೇಳಿ ಪಟ್ಟಿ ತಿದ್ದಿ.